ನಮ್ಮತ್ತೆಯ ಕಂಬಳಿ ಕಡ್ಡಿ

ನಮ್ಮ ಸೋದರತ್ತೆಯ ಪ್ರಕಾರ ಈ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ವಸ್ತುಗಳು. ಒಂದು, ಹಿಪ್ಪುನೇರಳೆ ಗಿಡದಿಂದ ಬಂದದ್ದು. ಇನ್ನೊಂದು, ಮೋಸ!

ರೇಷ್ಮೆಯದಾದರೆ ಅದು ಸೀರೆ, ಉಳಿದದ್ದೆಲ್ಲ ಬರೀ ಬಟ್ಟೆ. ರೇಷ್ಮೆಹುಳ ಸೊಪ್ಪು ತಿಂದು ಬಿಟ್ಟ ಕಡ್ಡಿ ಉರಿಸಿ ಮಾಡಿದರೆ ಅದು ಸಾರು, ಗ್ಯಾಸಿನ ಮೇಲೆ ಕುದಿಸಿದ್ದು ಬಣ್ಣದ ನೀರು. ಮಂಡಿಕಲ್ ಪಕ್ಕದಲ್ಲಿ ಅತ್ತೆಗೆ ಎರಡೆಕರೆ ಹಿಪ್ಪುನೇರಳೆ ತೋಟವಿದೆ, ಒಂದು ಹುಳದ ಮನೆಯಿದೆ, ವರ್ಷಕ್ಕೆ ನಾಲ್ಕು ಮಾತಾಡುವ ಒಬ್ಬರು ಮಾವ ಇದ್ದಾರೆ. ಹಿಪ್ಪುನೇರಳೆಗೆ ನಮ್ಮ ಕಡೆ ಕಂಬಳಿ ಗಿಡ ಅಂತಲೂ ಅನ್ನುತ್ತಾರೆ. ಹೊದೆಯುವ ಕಂಬಳಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಇದನ್ನು ಈಗಲೇ ಹೇಳಿಬಿಟ್ಟರೆ ಮುಂದೆ ನಿಮಗೆ ಚಳಿಯಾಗುವುದಿಲ್ಲ.

ಇಂಥ ಅತ್ತೆ ನಲವತ್ತೇಳನೆಯ ವಯಸ್ಸಿನಲ್ಲಿ ಹಾಕಿ ಆಡಲು ಬಂದರು.

ಚಿಕ್ಕಬಳ್ಳಾಪುರದ ಕಾಲೇಜು ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ನಾವೊಂದಿಷ್ಟು ಹೆಂಗಸರು ಸೇರಿ ಹಾಕಿ ಆಡುತ್ತೇವೆ. ಟೀಚರುಗಳು, ನರ್ಸುಗಳು, ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟು ಬಂದ ತಾಯಂದಿರು. ಅವರಲ್ಲಿ ನಾನೇ ಚಿಕ್ಕವಳು. ದಿನಚರಿ ಬರೆಯುವ ಚಟ ಇರುವುದರಿಂದ ಯಾವ ಭಾನುವಾರ ಯಾರು ಬಂದರು, ಯಾರು ಎಷ್ಟು ಗೋಲು ಹೊಡೆದರು ಎಂಬ ಲೆಕ್ಕವೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಕ್ಯಾಪ್ಟನ್ ಶಿಡ್ಲಘಟ್ಟದ ರೇಷ್ಮೆನೂಲಿನ ವ್ಯಾಪಾರಿಗಳ ಮನೆಯವರು. ನಾವೆಲ್ಲ ಅವರನ್ನು, ಉರ್ದುವಿನಲ್ಲಿ ಅಕ್ಕ ಅನ್ನುವ ಹಾಗೆ, ಬಾಜಿ ಅನ್ನುತ್ತೇವೆ. ಅವರ ಧ್ವನಿ ಮೈದಾನದ ಈ ತುದಿಯಲ್ಲಿ ಹೊರಟರೆ ಆ ತುದಿಯ ನಾಯಿ ಎದ್ದು ಕೂರುತ್ತದೆ.

ಅತ್ತೆ ಮನೆಯಿಂದಲೇ ಒಂದು ಸೊಟ್ಟ ಕೋಲು ಹಿಡಿದು ಬರುತ್ತಿದ್ದರು. ಮೊದಲ ತಿಂಗಳಲ್ಲೇ ನನಗೊಂದು ವಿಚಿತ್ರ ಕಾಣಿಸಿತು. ಎರಡು ವಾರ ಬರುತ್ತಾರೆ, ಒಂದು ವಾರ ಪತ್ತೆಯಿಲ್ಲ. ಬಂದ ದಿನ ಮುಖ ಅರಳಿರುತ್ತದೆ. ಬಾಜಿ ಒಮ್ಮೆ ಕೇಳಿಯೇಬಿಟ್ಟರು.

"ಏನಕ್ಕಾ, ಇವತ್ತು ಬಹಳ ಖುಷಿ?"

"ಹೂಂ ಕಣಮ್ಮ ಬಾಜಿ, ಎಲ್ಲಕ್ಕೂ ಜ್ವರ!"

ಹೊರಗಿನಿಂದ ಬಂದಿದ್ದ ಟೀಚರೊಬ್ಬರು ಗಾಬರಿಯಾದರು. ಮನೆಮಂದಿಗೆಲ್ಲ ಜ್ವರ, ಈಕೆ ನಗುತ್ತಾ ಹಾಕಿ ಆಡಲು ಬಂದಿದ್ದಾಳಲ್ಲ, ಎಂಥ ಕಲ್ಲೆದೆ! ಆಮೇಲೆ ನಾನು ಬಿಡಿಸಿ ಹೇಳಿದೆ. ರೇಷ್ಮೆಹುಳ ಪೊರೆ ಬಿಡುವ ಸಮಯಕ್ಕೆ ಜ್ವರ ಅನ್ನುತ್ತಾರೆ. ಆಗ ಹುಳ ಸೊಪ್ಪು ಮುಟ್ಟುವುದಿಲ್ಲ, ಅತ್ತೆಗೆ ಬಿಡುವು. ನಮ್ಮ ತಂಡದ ಡಿಫೆನ್ಸ್ ಗಟ್ಟಿಯಾಗಿರುವುದೂ ಸಡಿಲವಾಗುವುದೂ ಮಂಡಿಕಲ್ಲಿನ ಹುಳಗಳ ಮೈಬಿಸಿಯ ಮೇಲೆ ನಿಂತಿತ್ತು ಅಂದರೆ ನಂಬುತ್ತೀರಾ? ನಂಬಿ. ನನ್ನ ಹತ್ತಿರ ದಿನಾಂಕಗಳಿವೆ!

ಜಗಳ ಶುರುವಾದದ್ದು ನನ್ನ ಸ್ಟಿಕ್ಕಿನಿಂದ. ಸಂಬಳದಲ್ಲಿ ಉಳಿಸಿ ಉಳಿಸಿ ನಾನೊಂದು ಕಾಂಪೊಸಿಟ್ ಸ್ಟಿಕ್ ಕೊಂಡಿದ್ದೆ. ಕಪ್ಪಗೆ, ತೆಳ್ಳಗೆ, ಮಿರಮಿರ ಮಿಂಚುವ ಸ್ಟಿಕ್ಕು. ಮಂಡಿಕಲ್ಲಿಗೆ ಹೋಗಿ ಹೆಮ್ಮೆಯಿಂದ ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ಮೂಸಿ ನೋಡಿದರು. ಬೆರಳಿನಿಂದ ಟಕ್ ಟಕ್ ಎಂದು ಬಡಿದರು, ಮಾಗಿದೆಯೋ ಇಲ್ಲವೋ ಎಂದು ಕಲ್ಲಂಗಡಿಯನ್ನು ಬಡಿಯುವ ಹಾಗೆ.

"ಇದು ಯಾವ ಮರ ಕಣೇ?"

"ಮರ ಅಲ್ಲ ಅತ್ತೆ, ಕಾರ್ಬನ್ನು."

"ಕಾರ್ಬನ್ನು ಅಂದ್ರೆ ಇದ್ದಿಲು ತಾನೆ? ನಾನೂ ಹತ್ತನೇ ಕ್ಲಾಸು ಓದಿದೀನಿ."

"ಹಾಗಲ್ಲ ಅತ್ತೆ, ಇದು..."

"ಮರ ಸುಟ್ಟು ಇದ್ದಿಲು ಮಾಡೋದು, ಆಮೇಲೆ ಅದನ್ನ ಹತ್ತರಷ್ಟು ರೇಟಿಗೆ ನಿನ್ನಂಥ ಜಾಣೇರಿಗೆ ಮಾರೋದು! ನಾನು ಸುಡೋಕೆ ಮುಂಚೇನೇ ಆಡ್ತೀನಿ ಬಿಡು."

ಇಷ್ಟಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ನನಗೆ ಗೊತ್ತಿದ್ದದ್ದನ್ನು ಹೇಳದೆ ಇರಲಾಗಲಿಲ್ಲ. "ಮರದ ಹಾಕಿ ಸ್ಟಿಕ್ಕನ್ನ ಹಿಪ್ಪುನೇರಳೆ ಮರದಿಂದಾನೇ ಮಾಡ್ತಾರಂತೆ ಅತ್ತೆ" ಅಂದುಬಿಟ್ಟೆ.

ಅತ್ತೆ ಕಣ್ಣರಳಿಸಿ ತೋಟದ ಕಡೆ ತಿರುಗಿದರು. ಜಗಲಿಯ ಮೇಲೆ ಕೂತಿದ್ದ ಮಾವನ ವರ್ಷದ ಕೋಟಾದಲ್ಲಿ ಒಂದು ಮಾತು ಖರ್ಚಾಯಿತು: "ಕೆಟ್ಟೆವು!"

ಮಾರನೆಯ ದಿನವೇ ಅತ್ತೆ ನನ್ನನ್ನು ಎಳೆದುಕೊಂಡು ಆಟದ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವನು ಒಂದು ಮೊಣಕಾಲುದ್ದದ ಮರದ ಸ್ಟಿಕ್ ತೆಗೆದಿಟ್ಟ.

"ಮರದ್ದು ಮಕ್ಕಳಿಗೆ ಮಾತ್ರ ಮೇಡಂ. ದೊಡ್ಡೋರೆಲ್ಲ ಈಗ ಕಾಂಪೊಸಿಟ್ಟೇ."

"ಹೌದಾ? ನೀನು ಕೂತಿರೋ ಸ್ಟೂಲು ಯಾತರದಪ್ಪ?"

"ಮರದ್ದು ಮೇಡಂ."

"ನೀನೇನು ಮಗೂನಾ?"

ಅಂಗಡಿಯಿಂದ ನಾವು ಬರಿಗೈಯಲ್ಲಿ ಬಂದೆವು, ಆದರೆ ಗೆದ್ದು ಬಂದೆವು. ಅತ್ತೆಯ ತೋಟದ ಬದುವಿನ ಮೇಲೆ ಒಂದು ಹಳೆಯ ಕಂಬಳಿ ಮರವಿತ್ತು. ಉಳಿದ ಗಿಡಗಳನ್ನೆಲ್ಲ ಸೊಪ್ಪಿಗಾಗಿ ಮೊಣಕಾಲೆತ್ತರಕ್ಕೆ ಕತ್ತರಿಸುತ್ತಾ ಬಂದಿದ್ದರೂ ಅದೊಂದನ್ನು ಬೆಳೆಯಲು ಬಿಟ್ಟಿದ್ದರು. ಅದರ ಒಂದು ಕೊಂಬೆ ಕಡಿಸಿ, ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿ, ಚಿಂತಾಮಣಿಯ ಬಡಗಿಯೊಬ್ಬರ ಹತ್ತಿರ ಹೊತ್ತುಕೊಂಡು ಹೋದರು. ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಬೇಕೆಂದು ಅತ್ತೆ ವಿವರಿಸಿದಾಗ ಅವರು ಕನ್ನಡಕ ತೆಗೆದು ನೋಡಿದರು.

"ಏಮಮ್ಮಾ, ಇಡ್ಲಿ ಬೇಯಿಸಿದಂಗೆ ದೊಣ್ಣೆ ಬೇಯಿಸ್ಬೇಕಾ? ಚಟ್ನಿ ಯಾರು ಮಾಡ್ತಾರೆ?"

ಮೊದಲನೆಯದು ಛತ್ರಿಯ ಹಿಡಿಯಂತೆ ಬಗ್ಗಿತು. ಅದು ಮಾವನಿಗೆ ಊರುಗೋಲಾಯಿತು, ಅವರ ಕಾಲು ಗಟ್ಟಿಯಾಗಿದ್ದರೂ! ಎರಡನೆಯದು ಪ್ರಶ್ನಾರ್ಥಕ ಚಿಹ್ನೆಯಂತೆ ಬಂತು. ಅದರಿಂದ ಈಗ ನುಗ್ಗೆಕಾಯಿ ಕೀಳುತ್ತಾರೆ. ಮೂರನೆಯದು ಮಾತ್ರ, ದೂರದಿಂದ, ಸಂಜೆ ಬೆಳಕಿನಲ್ಲಿ, ಹಾಕಿ ಸ್ಟಿಕ್ಕಿನ ಹಾಗೆಯೇ ಕಾಣುತ್ತಿತ್ತು. ಅತ್ತೆ ಅದಕ್ಕೆ ಎಣ್ಣೆ ಹಚ್ಚಿ, ಹಿಡಿಗೆ ಹಳೇ ರೇಷ್ಮೆ ಸೀರೆಯ ಅಂಚು ಸುತ್ತಿ, ಮೈದಾನಕ್ಕೆ ತಂದು, "ಇದು ಕಂಬಳಿ ಕಡ್ಡಿ" ಎಂದು ಘೋಷಿಸಿದರು.

ಬಾಜಿ ನಕ್ಕರು. "ಅಕ್ಕಾ, ಆ ಸೌದೇನ ಮನೇಲಿ ಬಿಟ್ಟು ಬನ್ನಿ."

"ಸೌದೆ ಅನ್ಬೇಡಮ್ಮ ಬಾಜಿ. ನಿಮ್ಮನೇ ಬಿರಿಯಾನಿ ಬಂದಿದ್ದೂ ಈ ಗಿಡದಿಂದಾನೇ."

ನಾನು ಲೆಕ್ಕದವಳು, ಜಗಳದವಳಲ್ಲ. ಎರಡೂ ಸ್ಟಿಕ್ಕಿಗೆ ಪರೀಕ್ಷೆ ಇಟ್ಟೆ. ಅದೇ ಚೆಂಡು, ಅದೇ ಗೆರೆ, ಅದೇ ಕೈ. ಹೊಡೆತದಲ್ಲಿ ನನ್ನ ಇದ್ದಿಲೇ ಗೆದ್ದಿತು, ಅದರಲ್ಲಿ ಅನುಮಾನವೇ ಇಲ್ಲ. ಚೆಂಡು ಬಾಣದಂತೆ ಹೋಯಿತು, ಬೇಲಿ ದಾಟಿ, ಚರಂಡಿಗೂ ಹೋಯಿತು. ಆದರೆ ಬಂದ ಚೆಂಡನ್ನು ನಿಲ್ಲಿಸುವುದರಲ್ಲಿ? ನನ್ನ ಸ್ಟಿಕ್ಕಿಗೆ ತಗಲಿದ್ದು ಟಣ್ ಎಂದು ಹಾರಿ ಎದುರಾಳಿಯ ಕಾಲಡಿಗೆ ಹೋಗುತ್ತಿತ್ತು. ಕಂಬಳಿ ಕಡ್ಡಿಗೆ ತಗಲಿದ್ದು ತವರಿಗೆ ಬಂದ ಮಗಳಂತೆ ಅಲ್ಲೇ ಕೂತುಬಿಡುತ್ತಿತ್ತು. ಫಲಿತಾಂಶವನ್ನು ಅತ್ತೆಗೆ ಓದಿ ಹೇಳಿದೆ.

"ದೂರ ಹೋಗೋಕೆ ಚೆಂಡಿಗೇನು ಚಿಂತಾಮಣಿ ಬಸ್ಸು ಹಿಡೀಬೇಕಾ? ಪಕ್ಕದೋಳಿಗೆ ಹೋದ್ರೆ ಸಾಕು" ಅಂದರು.

ಈಗ ನಾನೂ ಹೇಳುತ್ತೇನೆ, ಯಾರು ಬೇಕಾದರೂ ಜಗಳಕ್ಕೆ ಬನ್ನಿ. ನೀರು ಚಿಮುಕಿಸಿದ ನೀಲಿ ಟರ್ಫಿನ ಮೇಲೆ ಹದಿನೆಂಟರ ಹೆಗಲಿನಿಂದ ಆಡುವವರಾದರೆ ಕಾರ್ಬನ್ ಕೊಳ್ಳಿ, ಧಾರಾಳವಾಗಿ ಕೊಳ್ಳಿ. ಆದರೆ ಹೆಜ್ಜೆಗೊಂದು ಹರಳುಕಲ್ಲು, ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಧೂಳು ಇರುವ ನಮ್ಮ ಮೈದಾನದಲ್ಲಿ, ಮೊಣಕಾಲಿಗೆ ಬ್ಯಾಂಡ್ ಕಟ್ಟಿದ ನಮಗೆ, ಅಷ್ಟು ದುಡ್ಡು ಏಕೆ? ಎಲ್ಲರ ಹತ್ತಿರ ಇದೆ ಎಂಬ ಒಂದೇ ಕಾರಣಕ್ಕೆ! ನನ್ನ ಸ್ಟಿಕ್ಕಿನ ಮೂತಿ ಆರು ತಿಂಗಳಲ್ಲಿ ಇಲಿ ಕಡಿದಂತೆ ಸವೆದಿದೆ. ಅದನ್ನು ತಿಕ್ಕಿ ಸರಿಮಾಡುವ ಬಡಗಿ ಚಿಂತಾಮಣಿಯಲ್ಲಿಲ್ಲ, ಎಲ್ಲಿಯೂ ಇಲ್ಲ.

ಅಷ್ಟರಲ್ಲಿ ಗೌರಿಬಿದನೂರಿನಲ್ಲಿ ಹೆಂಗಸರ ಪಂದ್ಯಾವಳಿ ಇದೆಯೆಂದು ತಿಳಿಯಿತು. ಸರಿಯಾದ ಪಂದ್ಯ, ಸೀಟಿ ಊದುವ ಅಂಪೈರು, ಎಲ್ಲ. ಬಾಜಿ ಖಡಾಖಂಡಿತವಾಗಿ ಹೇಳಿದರು.

"ಅಕ್ಕಾ, ಅಲ್ಲಿ ಸ್ಟಿಕ್ ಚೆಕ್ ಮಾಡ್ತಾರೆ. ಈ ಹುಡುಗೀದೇ ಇಸ್ಕೊಂಡು ಆಡಿ. ಹಟ ಬೇಡ."

ಅತ್ತೆ ಆ ದಿನ ತಮಾಷೆ ಮಾಡಲಿಲ್ಲ. "ನೋಡಮ್ಮ ಬಾಜಿ. ನಮ್ಮ ಹೈಸ್ಕೂಲಲ್ಲಿ ಸ್ಟಿಕ್ಕು ಹನ್ನೊಂದು. ನಾನು ಹನ್ನೆರಡನೆಯೋಳು. ಕಂಬಳಿ ಕಡ್ಡಿ ಹಿಡ್ಕೊಂಡು ಗೆರೆ ಆಚೆ ಆಡ್ಕೊಂತಿದ್ದೆ. ಮೇಷ್ಟ್ರು ಒಂದು ದಿನಾನೂ ಒಳಗೆ ಕರೀಲಿಲ್ಲ. ಸ್ಟಿಕ್ಕು ಇಲ್ಲ ಅಂತ ಮೂರು ವರ್ಷ ಆಚೆ ನಿಂತೆ. ಇನ್ನೊಬ್ಬರದ್ದು ಇಸ್ಕೊಂಡು ಒಳಗೆ ಹೋಗಲ್ಲ. ಹೋದ್ರೆ ನಂದೇ ಹಿಡ್ಕೊಂಡು ಹೋಗ್ತೀನಿ."

ಹುಟ್ಟಿದಂದಿನಿಂದ ಅತ್ತೆ ಅಂಪೈರಿರುವ ಒಂದು ಪಂದ್ಯವನ್ನೂ ಆಡಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗಲೇ. ಆ ದಿನ ಆ ತುದಿಯ ನಾಯಿ ಮಲಗಿಯೇ ಇತ್ತು.

ನಾನು ನಿಯಮ ಹುಡುಕಿ ಓದಿದೆ. ಸ್ಟಿಕ್ಕು ತಲೆಯಿಂದ ಬಾಲದವರೆಗೆ ಹೆಚ್ಚುಕಡಿಮೆ ಎರಡು ಇಂಚಿನ ಉಂಗುರದಲ್ಲಿ ತೂರಬೇಕು, ಅಷ್ಟೇ. ಫೋನಿನಲ್ಲಿ ಅತ್ತೆಗೆ ಹೇಳಿದೆ. "ಅಷ್ಟೇನಾ!" ಎಂದು ಫೋನಿಟ್ಟರು. ಮುಂದಿನ ಭಾನುವಾರ ಒಂದು ಗಾಜಿನ ಬಳೆ ತಂದು, ಅದರಲ್ಲಿ ಕಂಬಳಿ ಕಡ್ಡಿಯನ್ನು ಸಲೀಸಾಗಿ ತೂರಿಸಿ, ಎಲ್ಲರೆದುರು ಬೀಗಿದರು.

ಗೌರಿಬಿದನೂರಿಗೆ ಹೋದೆವು. ಅಂಪೈರು ತೆಳ್ಳಗಿನ, ಗಂಭೀರ ಮುಖದ ಹುಡುಗ. ಅತ್ತೆಯ ಸ್ಟಿಕ್ಕನ್ನು ತಿರುಗಿಸಿ ನೋಡಿದ. ಅದರ ಮೇಲೆ ಹೆಸರಿಲ್ಲ, ಸ್ಟಿಕ್ಕರಿಲ್ಲ.

"ಯಾವ ಬ್ರ್ಯಾಂಡ್ ಮೇಡಂ?"

"ಕಂಬಳಿ."

"ಕೇಳೇ ಇಲ್ಲ. ಇಂಪೋರ್ಟೆಡ್ಡಾ?"

"ಹೂಂ. ಮಂಡಿಕಲ್ಲಿಂದ."

ಅವನು ಕಬ್ಬಿಣದ ಉಂಗುರ ತೆಗೆದ. ಕಡ್ಡಿ ಅರ್ಧ ಹೋಯಿತು, ಬಾಗಿದ ತಲೆಯ ಹತ್ತಿರ ಬಂದು ನಿಂತಿತು. ತಿರುಗಿಸಿದ, ಒತ್ತಿದ, ಉಹುಂ.

"ಆಗಲ್ಲ ಮೇಡಂ. ಬೇರೆ ತಗೊಳ್ಳಿ."

"ಬಳೇಲಿ ಹೋಗಿತ್ತಲ್ಲಪ್ಪ! ಟೂ-ಟೂ ಬಳೆ! ಎರಡಿಂಚು!"

ಆಗ ಬಾಜಿ ಹಣೆ ಬಡಿದುಕೊಂಡರು. "ಯಾ ಅಲ್ಲಾ! ಅಕ್ಕಾ, ಬಳೆ ಅಂಗಡಿ ಟೂ-ಟೂ ಅಂದ್ರೆ ಬರೀ ಎರಡಿಂಚಲ್ಲ, ಅದರ ಮೇಲೆ ಒಂದು ನೂಲು!" ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೆಯ ಒಂದು ಭಾಗಕ್ಕೆ ನೂಲು ಅನ್ನುತ್ತಾರೆ. ಜೀವಮಾನವೆಲ್ಲ ನೂಲಿನ ಅನ್ನ ತಿಂದ ನಮ್ಮತ್ತೆಗೆ ಒಂದು ನೂಲು ಕೈಕೊಟ್ಟಿತ್ತು!

ನಾನು ನನ್ನ ಸ್ಟಿಕ್ ಚಾಚಿದೆ. ಅತ್ತೆ ಅದನ್ನು ನೋಡಲೂ ಇಲ್ಲ. ಮೈದಾನದ ಗೆರೆಯ ಆಚೆ, ಕಡ್ಡಿ ಹಿಡಿದುಕೊಂಡು, ಸುಮ್ಮನೆ ನಿಂತರು. ಹಿಂದಿನ ಪಂದ್ಯ ಇನ್ನೂ ನಡೆಯುತ್ತಿತ್ತು.

"ಹಿಂಗೇ ನಿಂತ್ಕೊಂಡ್ರೆ ಸಣ್ಣ ಆಗುತ್ತಾ ಅದು?" ಎಂದು ಕೂಗಿದ ಬಾಜಿ ಸ್ಕೂಟರ್ ಹತ್ತಿ ಮಾಯವಾದರು. ಬಂದಾಗ ಕೈತುಂಬ ಉಪ್ಪುಕಾಗದ! ಕಡ್ಡಿಯನ್ನು ಅತ್ತೆಯಿಂದ ಕಿತ್ತುಕೊಂಡು, ಎರಡು ಮೊಣಕಾಲಿನ ನಡುವೆ ಸಿಕ್ಕಿಸಿ, ಉಜ್ಜತೊಡಗಿದರು. "ಇಂಥ ಹಟಮಾರಿ ಸೌದೆ, ಇಂಥ ಹಟಮಾರಿ ಹೆಂಗಸು, ಶಿಡ್ಲಘಟ್ಟ ಮಾರ್ಕೆಟ್ಟಲ್ಲೂ ನೋಡಿಲ್ಲ ನಾನು!" ಟೀಚರು ಉಜ್ಜಿದರು, ನರ್ಸು ಉಜ್ಜಿದರು, ನಾನೂ ಉಜ್ಜಿದೆ. ಸುತ್ತ ಬಿದ್ದಿದ್ದ ಅಷ್ಟೂ ದುಬಾರಿ ಸ್ಟಿಕ್ಕುಗಳು ಹುಲ್ಲಿನ ಮೇಲೆ ಕೆಲಸವಿಲ್ಲದೆ ಮಲಗಿದ್ದವು. ಹಳದಿ ಪುಡಿ ನಮ್ಮ ಮೂಗು, ರೆಪ್ಪೆ, ಜರ್ಸಿಗಳ ಮೇಲೆಲ್ಲ ಕೂತಿತು. ಕೊನೆಗೆ ಅಂಪೈರು ಮತ್ತೆ ಉಂಗುರ ಹಿಡಿದ. ಕಡ್ಡಿ ಒಂದು ಕ್ಷಣ ತಡೆಯಿತು, ಕಿರ್ರ್ ಎಂದಿತು, ದಾಟಿತು. ಅವನು ತಲೆಯಾಡಿಸಿದ, ಅತ್ತೆ ಗೆರೆ ದಾಟಿದರು.

ಪಂದ್ಯ ಶುರುವಾಗಿ ಬಹಳ ಹೊತ್ತು ಚೆಂಡು ಅತ್ತೆಯ ಕಡೆ ಬರಲೇ ಇಲ್ಲ. ಬಂದಾಗ ನೇರ ಅವರ ಬೂಟಿಗೆ ಬಡಿಯಿತು. ಅಂಪೈರು ಜೋರಾಗಿ ಸೀಟಿ ಊದಿ ಎದುರು ತಂಡದತ್ತ ಕೈ ತೋರಿಸಿದ. ಎಲ್ಲರೂ ಆ ಕಡೆ ಓಡಿದರು. ಅತ್ತೆ ಮಾತ್ರ ನಿಂತಲ್ಲೇ ನಿಂತಿದ್ದರು. ಏಟು ಬಿತ್ತೇನೋ ಎಂದು ನಾನು ಹತ್ತಿರ ಓಡಿದೆ.

"ಕಾಲು ನೋವಾಯ್ತಾ ಅತ್ತೆ?"

"ಇಲ್ಲ ಕಣೇ. ಈಗ ಊದಿದ್ದು ನಂಗೇ ಅಲ್ವಾ?"

"ಹೂಂ, ನಿಮಗೇ. ಚೆಂಡು ಕಾಲಿಗೆ ತಗಲಿದ್ರೆ ಫೌಲು. ಬೇಜಾರು ಮಾಡ್ಕೋಬೇಡಿ."

ಅತ್ತೆ ತೋಳಿನಿಂದ ಕಣ್ಣೊರೆಸಿಕೊಂಡರು. ಉಪ್ಪುಕಾಗದದ ಪುಡಿ ಇರಬಹುದು ಅಂದುಕೊಂಡೆ, ಅಲ್ಲ.

"ಬೇಜಾರು ಯಾಕೆ ಅಮ್ಮಣ್ಣಿ?" ಅಂದರು. "ಗೆರೆ ಆಚೆ ನಿಂತೋರಿಗೆ ಯಾರಾದ್ರೂ ಫೌಲು ಊದ್ತಾರಾ?"