ಹೊಸ ಎಣ್ಣೆಯ ಹಳೆಯ ಮಸಿ

ಶುಭಕಾರ್ಯವೊಂದು ಸಮೀಪಿಸಿತೆಂದರೆ ನಮ್ಮ ಬಂಧುವರ್ಗದಲ್ಲಿ ಎಲ್ಲಿಂದಲೋ ಒಂದು ವಿಘ್ನ ಹುಟ್ಟಿಕೊಳ್ಳುವುದೂ ಅದರ ನಿವಾರಣೆಗೆ ಅಂಕೋಲೆಯಿಂದ ಶಾಲಾ ಮಾಸ್ತರನಾದ ನನ್ನನ್ನು ಕರೆಸುವುದೂ ಎಂದಿಗೂ ತಪ್ಪಿದ್ದಲ್ಲ. ಈ ಸಲದ ವಿಘ್ನವಾದರೋ ಇಂಜಿನ್ ಎಣ್ಣೆಯ ರೂಪದಲ್ಲಿ ಅವತರಿಸಿತು!

ಬೆಳಂಬಾರದಲ್ಲಿರುವ ನನ್ನ ತಂಗಿಯ ಮಗಳಿಗೆ ಕಾರವಾರದ ಗ್ಯಾರೇಜೊಂದರ ಯಜಮಾನರ ಮಗನೊಡನೆ ಸಂಬಂಧ ಕೂಡಿಬಂದಿತ್ತು. ವರ ಕೈಗಾದಲ್ಲಿ ನೌಕರ. ಹುಡುಗ ಹುಡುಗಿಯರು ಪರಸ್ಪರ ಮೆಚ್ಚಿದ್ದರು. ತಾಂಬೂಲ ಬದಲಿಸುವ ಶಾಸ್ತ್ರವೊಂದೇ ಉಳಿದಿತ್ತು. ಅಷ್ಟರಲ್ಲಿ ಹುಡುಗಿಯ ತಂದೆ, ಎಂದರೆ ನನ್ನ ಭಾವ, ತಮ್ಮ ಹಳೆಯ ಡೀಸೆಲ್ ಜೀಪಿನ ಎಣ್ಣೆಯನ್ನು ಭಾವೀ ಬೀಗರಲ್ಲಿಯೇ ಬದಲಿಸಿಕೊಂಡು ಬರೋಣವೆಂದು ನನ್ನನ್ನೂ ಹೊರಡಿಸಿದರು.

೧. ಹಾರವಾಡದ ಪರೀಕ್ಷೆ

ಬೀಗರ ಮನೆಯ ಅವಲಕ್ಕಿ-ಚಹಾದ ಉಪಚಾರದಲ್ಲಿ ಮೈಮರೆತ ಭಾವ, ಜೀಪಿಗೆ ಹೊಸ ಎಣ್ಣೆ ಹೊಯ್ಯುವುದನ್ನು ಕಣ್ಣಾರೆ ಕಾಣಲಿಲ್ಲ. ಮರಳುವ ದಾರಿಯಲ್ಲಿ, ಹಾರವಾಡದ ಹತ್ತಿರ, ಅವರ ಚಿತ್ತದಲ್ಲಿ ಸಂಶಯವು ಫಕ್ಕನೆ ಹೆಡೆಯೆತ್ತಿತು. ಜೀಪು ನಿಂತಿತು, ಬಾನೆಟ್ ಬಾಯ್ದೆರೆಯಿತು. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಸೆಳೆದು ತಮ್ಮ ಶುಭ್ರವಾದ ಪಂಚೆಯ ಅಂಚಿಗೆ ಒರೆಸಿದರು. ಕಾಡಿಗೆಯಂತಹ ಕಪ್ಪು!

"ನೋಡಿ ಭಾವಯ್ಯ! ಹಳೇದನ್ನೇ ಬಿಟ್ಟಿದ್ದಾರೆ!" ಎಂದು ಕಡ್ಡಿಯನ್ನು ನನ್ನ ಮೂಗಿನವರೆಗೂ ತಂದರು. ತಾವೂ ಮೂಸಿದರು. ಬಿಸಿಲಿಗೆ ಹಿಡಿದು ಮತ್ತೆ ಮೂಸಿದರು.

ರಸ್ತೆಯಂಚಿನಲ್ಲಿ ಬುಟ್ಟಿಯಿಳಿಸಿ ಕುಳಿತಿದ್ದ ಮೀನು ಮಾರುವ ಹೆಂಗಸು ಇದನ್ನೆಲ್ಲ ನೋಡುತ್ತಲೇ ಇದ್ದಳು. "ಎಂತ ಒಡೆಯರೇ," ಎಂದು ಕೂಗಿದಳು, "ಕಿವಿರು ಕೆಂಪಗಿದೆಯೋ ನೋಡ್ತಿದ್ರಾ? ಗಾಡಿ ತಾಜಾ ಇದೆಯಾ?"

೨. ಸ್ನೇಹದ ವ್ಯಾಖ್ಯಾನ

"ಎಣ್ಣೆಯಲ್ಲೇ ಮೋಸ ಮಾಡುವವರ ಮನೆಗೆ ಮಗಳನ್ನು ಹೇಗೆ ಕೊಡ್ಲಿ?" ಎಂದು ಭಾವ ಹಟ ಹಿಡಿದರು. ಹುಡುಗಿ ಊಟ ಬಿಟ್ಟಳು. ನಾನು ಬಸ್ಸೇರಿ ಕಾರವಾರಕ್ಕೆ ಧಾವಿಸಿದೆ.

ಗ್ಯಾರೇಜಿನ ಯಜಮಾನರು ಸ್ಥೂಲಕಾಯರು. ಕೊರಳಲ್ಲಿ ಬಂಗಾರದ ಸರ, ಬಾಯಲ್ಲಿ ನಿರಂತರ ನಗೆ. "ಡೀಸೆಲ್ ಇಂಜಿನ್ ಮಾಸ್ತರೇ! ಒಳಗಿನ ಮಸಿಯನ್ನೆಲ್ಲ ಹೊಸ ಎಣ್ಣೆ ಎಳ್ಕೊಳ್ತದೆ. ಕಪ್ಪಾಗದೇ ಇದ್ರೆ ಹೆದರ್ಬೇಕು!" ಎಂದರು.

ನಾನು ಪುಲಕಿತನಾದೆ. ಸಂದರ್ಭವು ತಾನಾಗಿ ಒದಗಿಬಂದಾಗ ಸುಮ್ಮನಿರುವುದೆಂತು? "ಯಜಮಾನರೇ, ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆಯೂ ಹೌದು, ಪ್ರೀತಿಯೂ ಹೌದು. ಉಜ್ಜಾಟವಿರುವಲ್ಲಿ ಎರಡೂ ಬೇಕು. ಎರಡು ಮನೆಗಳ ನಡುವೆಯೂ ಅಂಥ ಸ್ನೇಹವೇ ಇರತಕ್ಕದ್ದು!" ಎಂದು ವಿಸ್ತಾರವಾಗಿ ನಿರೂಪಿಸಿದೆ.

ಅವರು ತದೇಕಚಿತ್ತರಾಗಿ ಕೇಳಿ, "ಬರೋಬರ್ ಹೇಳಿದ್ರಿ ಮಾಸ್ತರೇ. ಹಾಗಾದ್ರೆ ಅದನ್ನೂ ಆಗಾಗ ಬಸಿದು ಬೇರೆ ಹಾಕ್ಬೇಕು ಅಂತಾಯ್ತು!" ಎಂದರು.

೩. ಸಾಕ್ಷಿಯ ಬಾಟ್ಲಿ

ಮಸಿಯ ವಿಚಾರವನ್ನು ನಾನು ಬೆಳಂಬಾರಕ್ಕೆ ಬಂದು ವಿವರಿಸಿದರೆ ಭಾವ ಸೊಪ್ಪುಹಾಕಲಿಲ್ಲ. "ಸಿಕ್ಕಿಬಿದ್ದ ಕಳ್ಳ ಕತ್ತಲೆಯನ್ನೇ ಹೊಗಳ್ತಾನೆ!" ಎಂದವರೇ ಜೀಪಿನಡಿ ತೂರಿ, ಆ ಕಪ್ಪು ದ್ರವವನ್ನು ಒಂದು ಬಾಟ್ಲಿಯಷ್ಟು ಬಸಿದುಕೊಂಡು ಎದ್ದರು. "ತಾಂಬೂಲದ ದಿನ ನಾಲ್ಕು ಜನರೆದುರು ಇದನ್ನಿಟ್ಟು ಕೇಳ್ತೇನೆ. ಉತ್ತರ ಸರಿ ಬರದಿದ್ರೆ ತಟ್ಟೆ ವಾಪಸು!" ಹೆಂಡತಿ ಚೆಲ್ಲಿಬಿಟ್ಟಾಳೆಂದು ಅದನ್ನು ಬಚ್ಚಲುಮನೆಯ ಗೂಡಿನಲ್ಲಿ ಅಡಗಿಸಿಟ್ಟರು.

ಪಾತ್ರೆ ತೊಳೆಯುತ್ತಿದ್ದ ತಂಗಿ ತಲೆಯೆತ್ತದೆ ಹೇಳಿದಳು: "ಇವರಿಗೆ ಪಾತ್ರೆ ತೊಳೆದು ಗೊತ್ತಿದ್ರೆ ತಾನೇ ಅಣ್ಣ, ನೀರು ಯಾಕೆ ಕೊಳೆಯಾಗ್ತದೆ ಅಂತ ತಿಳಿಯೋದು?"

೪. ಅಭ್ಯಂಗ

ತಾಂಬೂಲದ ದಿನ ಬಂದಿತು. ಮುಂಜಾನೆ ಭಾವನಿಗೆ ಎಣ್ಣೆಸ್ನಾನ. ಶೀತದಿಂದ ಮೂಗು ಕಟ್ಟಿತ್ತು. ಹಂಡೆಯ ಹಬೆಯಲ್ಲಿ ಕನ್ನಡಕವಿಲ್ಲದ ಕಣ್ಣು ಮಬ್ಬಾಗಿತ್ತು. ಗೂಡಿನಲ್ಲಿ, ನರೆಗೂದಲು ಕಪ್ಪಾಗಲೆಂದು ತಂಗಿ ಗರಗದ ಸೊಪ್ಪು ಹಾಕಿ ಕಾಸಿದ ಕಪ್ಪು ಎಣ್ಣೆಯ ಬಾಟ್ಲಿಯೂ ಇತ್ತಷ್ಟೆ.

ಹೊರಬಂದ ಭಾವನನ್ನು ಕಂಡು ನಾನು ಬೆರಗಾದೆ. ನರೆತ ತಲೆ ದುಂಬಿಯಂತೆ ಮಿರುಗುತ್ತಿದೆ! ಅವರೂ ಕನ್ನಡಿಯೆದುರು ನಿಂತು, "ನಿಮ್ಮ ತಂಗಿಯ ಸೊಪ್ಪು ಕಡೆಗೂ ಗುಣ ತೋರಿಸ್ತು ಭಾವಯ್ಯ!" ಎಂದು ಹಿಗ್ಗಿದರು.

ಬೀಗರು ಬಂದರು. ತಟ್ಟೆಗಳು ಸಿದ್ಧವಾದವು. ಹುಡುಗಿ ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ಆಗ ಭಾವ ಎದ್ದು, "ತಾಂಬೂಲಕ್ಕೆ ಮೊದಲು ಒಂದು ಮಾತಿದೆ. ಬಚ್ಚಲ ಗೂಡಿನಲ್ಲಿ ಒಂದು ಬಾಟ್ಲಿ ಇಟ್ಟಿದ್ದೇನೆ, ತಾರೇ!" ಎಂದು ಗರ್ಜಿಸಿದರು.

ತಂಗಿ ಎರಡು ಬಾಟ್ಲಿ ಹಿಡಿದು ಬಂದಳು. "ಇದರಲ್ಲಿ ಎಂತ ಇದೆ? ತಳ ಕಾಣ್ತದೆ. ನಾ ಕಾಸಿದ ಎಣ್ಣೆ ಮುಟ್ಟೇ ಇಲ್ವಲ್ಲ ನೀವು?"

ಅದೇ ಮುಹೂರ್ತದಲ್ಲಿ, ಸೆಕೆಗೋ ಗಾಬರಿಗೋ ಬೆವೆತ ಭಾವನ ಹಣೆಯ ಮೇಲೆ ಕರಿಯ ತೊರೆಯೊಂದು ಮೆಲ್ಲನೆ ಇಳಿದುಬಂದಿತು!

ಗ್ಯಾರೇಜಿನ ಯಜಮಾನರು ಎದ್ದು ಬಂದು, ಅದನ್ನು ಎರಡು ಬೆರಳಲ್ಲಿ ಒರೆಸಿ, ತಿಕ್ಕಿ, ಮೂಸಿ, "ಅಯ್ಯೋ ದೇವಾ! ಇದು ನಮ್ಮ ಗ್ಯಾರೇಜಿನದೇ ಬೀಗರೇ. ಜಿಡ್ಡು ನೋಡಿ, ಅಪ್ಪಟ ಹೊಸ ಮಾಲು!" ಎಂದು ಸಾರಿದರು.

ಭಾವ ಬಾಯಿ ತೆರೆಯುವಷ್ಟರಲ್ಲಿ ತಂಗಿ ತಟ್ಟೆಯನ್ನು ಅವರ ಕೈಗಿತ್ತಳು. "ಒಳಗಿನ ಮಸಿ ಹೊರಗೆ ತಂದ್ರೆ ಒಳ್ಳೆ ಎಣ್ಣೆ ಅಂತ ಅಣ್ಣ ಹೇಳಿದ್ದ. ಇವರ ತಲೆಯೊಳಗಿದ್ದದ್ದೆಲ್ಲ ಈಗ ಹೊರಗೆ ಬಂದಿದೆ. ತಡ ಮಾಡ್ಬೇಡಿ, ಮತ್ತೆ ತುಂಬೋದ್ರೊಳಗೆ ತಾಂಬೂಲ ಬದಲಿಸಿಬಿಡಿ!"