ಕೈಪಿಡಿಯ ಮೂವತ್ತನಾಲ್ಕನೇ ಪುಟದ ಹುಡುಗನಿಗೆ

ಮಾನ್ಯರೇ,

ಪುಟಾಣಿ ಸ್ಕೌಟ್ ದಳಗಳಿಗಾಗಿ ಹೊರಡಿಸಿರುವ ವಾರಕ್ಕೊಂದು ವಿಷಯದ ಆಟ-ಕರಕುಶಲ ಕೈಪಿಡಿಯ ಮೂವತ್ತನಾಲ್ಕನೇ ಪುಟದಲ್ಲಿ, ಸಮುದ್ರ ವಾರದ ರಟ್ಟಿನ ದೋಣಿಯನ್ನು ಅಂಗೈಯಲ್ಲಿ ಹಿಡಿದು, ಇಸ್ತ್ರಿ ಮಾಡಿದ ಸ್ಕಾರ್ಫ್ ತೊಟ್ಟು, ಕಳೆದ ಇಪ್ಪತ್ತೆರಡು ವರ್ಷಗಳಿಂದ ಏಳು ವರ್ಷದವರಾಗಿಯೇ ನಗುತ್ತಿರುವ ತಮ್ಮ ಸನ್ನಿಧಿಗೆ, ಅಗ್ನಿಶಾಮಕ ಠಾಣೆಯ ಹಿಂಬದಿಯ ಕೋಣೆಯಲ್ಲಿ ಪ್ರತಿ ಶನಿವಾರ ಹದಿನೇಳು ಮಕ್ಕಳ ದಳ ನಡೆಸುವ, ಅಂದು ಮಾತ್ರ 'ಅಕ್ಕಾ' ಎಂದೂ ಉಳಿದ ದಿನಗಳಲ್ಲಿ ಗಿರಾಕಿಗಳಿಂದ 'ಟೈಲರಮ್ಮ' ಎಂದೂ ಕರೆಸಿಕೊಳ್ಳುವ ನನ್ನ ಅನಂತ ವಂದನೆಗಳು. ದೂರಿದ್ದರೆ ಕೈಪಿಡಿ ಸಮಿತಿಗೆ ಬರೆಯಬಾರದೇ ಎಂದು ತಾವು ಕೇಳಬಹುದು. ಮೂರು ಸಲ ಬರೆದೆ. ಮೂರು ಸಲವೂ 'ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು' ಎಂಬ ಒಂದೇ ಉತ್ತರ ಬಂತು. ತಾವಾದರೋ ಯಾವಾಗ ಪುಟ ತೆರೆದರೂ ಮನೆಯಲ್ಲೇ ಇರುತ್ತೀರಿ.

ಮೊದಲಿಗೆ ತಮ್ಮ ಕೈಗಳ ಬಗ್ಗೆ ಎರಡು ಮಾತು. ಅಂಟು, ಬಣ್ಣ, ಕತ್ತರಿ ಮೂರನ್ನೂ ಮುಟ್ಟಿದ ಮೇಲೂ ಆಗಷ್ಟೇ ಸ್ನಾನ ಮಾಡಿಸಿದಂತಿರುವ ಅಂಥ ಕೈಗಳನ್ನು ನಾನು ಹದಿನಾಲ್ಕು ವರ್ಷಗಳ ಸೇವೆಯಲ್ಲಿ ಕಂಡಿಲ್ಲ. 'ಅರ್ಧ ಗಂಟೆಯಲ್ಲಿ ಮುಗಿಯುವ ಸುಲಭ ಚಟುವಟಿಕೆ. ಕೊನೆಯಲ್ಲಿ ಮಕ್ಕಳು ತಾವಾಗಿಯೇ ಜಾಗವನ್ನು ಸ್ವಚ್ಛಗೊಳಿಸುತ್ತಾರೆ' ಎಂದು ತಮ್ಮ ಚಿತ್ರದ ಕೆಳಗೆ ಅಚ್ಚಾಗಿರುವುದನ್ನು ಓದುವಾಗಲೆಲ್ಲ ಭಕ್ತಿಯಿಂದ ನನ್ನ ಕಣ್ಣು ತುಂಬಿ ಬರುತ್ತದೆ. ನಮ್ಮ ಕೋಣೆಯಲ್ಲಿ ಅರ್ಧ ಗಂಟೆಯೆಂದರೆ ಅಂಟಿನ ಬಾಟಲಿಯ ಮುಚ್ಚಳ ಹುಡುಕಲು ಹಿಡಿಯುವ ಹೊತ್ತು. ಬಾಹ್ಯಾಕಾಶ ವಾರದಲ್ಲಿ ಒಬ್ಬ ಹುಡುಗ ತಾನೇ ಮಾಡಿದ ರಟ್ಟಿನ ಹೆಲ್ಮೆಟ್ಟನ್ನು ಹಾಕಿಕೊಂಡವನು ತೆಗೆಯಲಾರದೆ ಹೋದ. ಬೆಂಕಿ ಆರಿಸುವವರು ಪಕ್ಕದಲ್ಲೇ ಇದ್ದದ್ದು ನಮ್ಮ ಪುಣ್ಯ. ಕೀಟಗಳ ವಾರದಲ್ಲಿ ಉಲ್ಲನ್ ದಾರದಿಂದ ಜೇಡರ ಬಲೆ ಹೆಣೆಯುವ ಆಟವಾಡಿಸಿದೆ. ಮನೆಗೆ ಹೋಗುವ ವೇಳೆಗೆ ಐದು ಮಕ್ಕಳು ಒಂದೇ ಗಂಟಿನಲ್ಲಿದ್ದುದರಿಂದ ಐದು ಮನೆಯವರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಕತ್ತರಿಸಿ ಹಂಚಬೇಕಾಯಿತು. ಇದರ ನಡುವೆ ಠಾಣೆಯ ಸೈರನ್ ಕೂಗಿತೆಂದರೆ ಹದಿನೇಳೂ ಮಕ್ಕಳು ಕಿಟಕಿಗೆ ಓಡುತ್ತಾರೆ, ಆ ಗಾಜಿನ ಮೇಲೆ ಈಗ ಎಲ್ಲ ವಿಷಯಗಳ ಎಲ್ಲ ಬಣ್ಣಗಳೂ ಇವೆ.

ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ತಾವು ಮನಸ್ಸಿನಲ್ಲೇ ನಗುತ್ತಿರಬಹುದು. ತಪ್ಪು ತಮ್ಮದಲ್ಲ. ವರ್ಷಕ್ಕೊಮ್ಮೆ ಪ್ರದರ್ಶನವಿರುತ್ತದೆ, ಕೇಂದ್ರ ಕಚೇರಿಯವರು ಒಂದು ಕೈಯಲ್ಲಿ ತಮ್ಮ ಕೈಪಿಡಿಯನ್ನೇ ಹಿಡಿದು ಪುಟಕ್ಕೆ ಪುಟ ತಾಳೆ ನೋಡುತ್ತಾರೆ, ಆದ್ದರಿಂದ ದಳ ನಡೆಸುವ ನಮ್ಮಂಥ ಅಕ್ಕಂದಿರ ನಡುವೆ ಒಂದು ಪದ್ಧತಿ ಬೆಳೆದು ಬಂದಿದೆ. ಅದಕ್ಕೆ ನಾವು 'ಒಣಗಿಸುವುದು' ಎನ್ನುತ್ತೇವೆ. ಮಕ್ಕಳು ಮಾಡಿದ್ದನ್ನೆಲ್ಲ ಅಂಟು ಹಸಿಯಿದೆ ಎಂದು ಹೇಳಿ ಡಬ್ಬದಲ್ಲಿ ತುಂಬಿಕೊಂಡು ಹೋಗುತ್ತೇವೆ. ಮುಂದಿನ ಶನಿವಾರ ತರುವಷ್ಟರಲ್ಲಿ ಸೊಟ್ಟ ರೆಕ್ಕೆ ನೆಟ್ಟಗಾಗಿರುತ್ತದೆ, ಒಂಟಿ ಕಣ್ಣಿನ ಮೀನಿಗೆ ಇನ್ನೊಂದು ಕಣ್ಣು ಬಂದಿರುತ್ತದೆ. ನನ್ನ ವೃತ್ತಿಯೇ ಆಲ್ಟರೇಷನ್. ಯಾರೋ ಕೆಡಿಸಿದ ಪ್ಯಾಂಟನ್ನು ಯಾರಿಗೂ ತಿಳಿಯದಂತೆ ಸರಿಪಡಿಸಿ ಹದಿನಾಲ್ಕು ವರ್ಷ ಬೀಗಿದ ನನಗೆ ಇದು ಹೊಲಿಗೆಯ ಮುಂದುವರಿದ ಭಾಗವೆನಿಸಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಯಲ್ಲ, ಹಾಗೆ ಪ್ರತಿ ಭಾನುವಾರ ಅಂಗಡಿಯ ಬಾಗಿಲೆಳೆದುಕೊಂಡು ತಮ್ಮ ಚಿತ್ರವನ್ನು ಮುಂದಿಟ್ಟುಕೊಂಡು ಒಣಗಿಸುತ್ತಿದ್ದೆ.

ಹೀಗಿರಲು ಸಾಕುಪ್ರಾಣಿಗಳ ವಾರ ಬಂತು. ನನ್ನ ಅಂಗಡಿಯ ಖಾಲಿ ದಾರದ ಕೊಳವೆಯೇ ಹೊಟ್ಟೆ, ನಾಲ್ಕು ಐಸ್‌ಕ್ರೀಮ್ ಕಡ್ಡಿಗಳೇ ಕಾಲು, ಹೀಗೆ ಎಲ್ಲರೂ ಕುದುರೆ ಮಾಡಿದರು. ನಾವೆಲ್ಲ ಗುಬ್ಬಿ ಎಂದು ಕರೆಯುವ, ಮುಂದಿನ ಎರಡು ಹಲ್ಲು ಬಿದ್ದಿರುವ ಆರು ವರ್ಷದ ಹುಡುಗಿಯೊಬ್ಬಳು ಮೂರು ಕಾಲುಗಳನ್ನು ನೆಟ್ಟು, ನಾಲ್ಕನೆಯದನ್ನು ಅರ್ಧಕ್ಕೆ ಮುರಿದು ಹೊಟ್ಟೆಯ ಕೆಳಗೆ ಮಡಚಿ ಅಂಟಿಸಿ, ಅದರ ತುದಿಗೆ ಪೊರಕೆ ಕಡ್ಡಿಯ ಚೂರೊಂದನ್ನು ಸಿಕ್ಕಿಸಿದ್ದಳು. ಭಾನುವಾರ ನಾನು ಆ ಚೂರನ್ನು ಕಸವೆಂದು ಕಿತ್ತೆ, ಮುರಿದ ಕಾಲನ್ನು ಪಾಪ ಮಗುವಿಗೆ ತಿಳಿಯಲಿಲ್ಲವೆಂದು ಕಿತ್ತೆ, ಕೊನೆಗೆ ಬೇಸತ್ತು ಇಡೀ ಕುದುರೆಯನ್ನೇ ಬುಟ್ಟಿಗೆ ಹಾಕಿ ಹೊಸದೊಂದನ್ನು ಮಾಡಿದೆ. ಹೇಳಬಾರದು, ಆದರೂ ಹೇಳುತ್ತೇನೆ, ಅದು ತಮ್ಮ ದೋಣಿಯನ್ನೂ ನಾಚಿಸುವಂತಿತ್ತು.

ಪ್ರದರ್ಶನದ ದಿನ ಗುಬ್ಬಿ ತನ್ನ ಹೆಸರಿನ ಚೀಟಿಯ ಮುಂದೆ ನಿಂತು, ಅಜ್ಜಿಯ ಕೈ ಜಗ್ಗಿ, "ಇದು ನಂದಲ್ಲ, ನನ್ನ ಕುದುರೆ ಕಾಲಿಗೆ ಮುಳ್ಳು ಚುಚ್ಚಿತ್ತು, ಅದಕ್ಕೇ ಎತ್ಕೊಂಡಿತ್ತು" ಎಂದಳು. ಕೇಂದ್ರ ಕಚೇರಿಯವರು ಆ ಕುದುರೆಯ ಫೋಟೋ ತೆಗೆಯುತ್ತಿದ್ದ ಸಂಭ್ರಮದಲ್ಲಿ ಅಜ್ಜಿಗೆ ಮುಜುಗರವಾಗಿ, "ಅಕ್ಕನ ಮುಂದೆ ಹೀಗೆಲ್ಲ ಸುಳ್ಳು ಹೇಳ್ತಾರಾ? ಕಿವಿ ಹಿಂಡ್ತೀನಿ ನೋಡು" ಎಂದು ಗದರಿದರು. ಆಗ ನಾನು ಏನು ಮಾಡಿದೆನೆಂದು ತಾವು ಊಹಿಸಬಲ್ಲಿರಿ, ಏಕೆಂದರೆ ತಾವು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಿರುವುದೂ ಅದನ್ನೇ. ನಕ್ಕೆ. ಅಜ್ಜಿ ಅತ್ತ ಹೋದ ಮೇಲೆ ಮಗುವಿನ ಕಿವಿಯಲ್ಲಿ, "ನಿಂದು ಇನ್ನೂ ಒಣಗ್ತಾ ಇದೆ ಪುಟ್ಟಾ" ಎಂದೆ. ಅವತ್ತಿನ ನನ್ನ ಮುಖ ನೆನೆದರೆ ಇವತ್ತಿಗೂ ನನಗೆ ಅಸಹ್ಯವಾಗುತ್ತದೆ.

ಅವಳು ನಂಬಿದಳು. ಮುಂದಿನ ಆರು ಶನಿವಾರ, ಚಪ್ಪಲಿ ಬಿಡುವ ಮೊದಲೇ, "ಒಣಗಿತಾ ಅಕ್ಕಾ?" ಎಂದು ಕೇಳಿದಳು. ಮಳೆ, ಮೋಡ, ಅಂಟಿನ ಕಂಪನಿ ಎಲ್ಲರ ಮೇಲೂ ಗೂಬೆ ಕೂರಿಸಿದೆ. ಏಳನೆಯ ವಾರ ಉಪಾಯವಿಲ್ಲದೆ, ಸೊಟ್ಟದ್ದನ್ನು ನೆಟ್ಟಗೆ ಮಾಡುವವಳಿಗೆ ನೆಟ್ಟಗಿನದನ್ನು ಸೊಟ್ಟ ಮಾಡುವುದೇನು ಮಹಾ ಎಂದುಕೊಂಡು ಅವಳ ಕುದುರೆಯನ್ನು ಮತ್ತೆ ಮಾಡಲು ಕುಳಿತೆ. ಕಾಲು ಮುರಿದೆ, ಮಡಚಿದೆ, ಪೊರಕೆ ಕಡ್ಡಿ ಸಿಕ್ಕಿಸಿದೆ. ನಾಲ್ಕು ಕುದುರೆ ಹಾಳಾದವು, ಐದನೆಯದು ಪರವಾಗಿಲ್ಲವೆನಿಸಿತು. ಗುಬ್ಬಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ ನನ್ನ ಕೈಗೇ ವಾಪಸ್ಸು ಕೊಟ್ಟು, "ಅಕ್ಕಾ, ಈ ಕುದುರೆಗೆ ನೋವಾಗ್ತಾ ಇಲ್ಲ" ಎಂದಳು.

ಅಂದು ಸೀಮೆಸುಣ್ಣದ ವೃತ್ತದೊಳಗೆ ನರಿ-ಮೊಲದ ಆಟ ಶುರುವಾಗಬೇಕಿತ್ತು. ನಾನು ವೃತ್ತದ ಮಧ್ಯೆ ನಿಂತು, ಬಾಗಿಲಲ್ಲಿದ್ದ ಅಜ್ಜಿಗೂ ಕೇಳಿಸುವಂತೆ, ಕುದುರೆ ಒಣಗುತ್ತಿಲ್ಲವೆಂದೂ ನಾನೇ ಅದನ್ನು ಕಿತ್ತು ಎಸೆದೆನೆಂದೂ ಪ್ರದರ್ಶನದ ದಿನ ನಿಜ ಹೇಳಿದವಳು ಗುಬ್ಬಿ ಒಬ್ಬಳೇ ಎಂದೂ ಹೇಳಿದೆ. ಗುಬ್ಬಿ, "ಹಾಗಾದ್ರೆ ನೀವು ಔಟ್" ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, "ಅಜ್ಜೀನೂ ಔಟ್" ಎಂದಳು. ನಮ್ಮಲ್ಲಿ ಔಟಾದವರು ಬೆಂಚಿನ ಮೇಲೆ ಕುಳಿತು ಉಳಿದವರಿಗೆ ಚಪ್ಪಾಳೆ ತಟ್ಟಬೇಕೆಂಬುದು ನಿಯಮ. ನಾವಿಬ್ಬರೂ ಅಕ್ಕಪಕ್ಕ ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ, ಆಟ ಮುಗಿಯುವವರೆಗೆ ಚಪ್ಪಾಳೆ ತಟ್ಟಿದೆವು.

ಇಲ್ಲಿಗೆ ಮುಗಿದಿದ್ದರೆ ತಮ್ಮ ನಗುವಿಗೆ ಭಂಗ ತರುತ್ತಿರಲಿಲ್ಲ. ಆದರೆ ನನ್ನ ಆ ಅಂದದ ಕುದುರೆ ಹೊಸ ಆವೃತ್ತಿಯ ಐವತ್ತೊಂದನೇ ಪುಟಕ್ಕೆ ಆಯ್ಕೆಯಾಗಿದೆಯಂತೆ, ಅದರ ಕೆಳಗೆ ಗುಬ್ಬಿಯ ಹೆಸರೂ 'ವಯಸ್ಸು ಆರು' ಎಂಬ ಒಕ್ಕಣೆಯೂ ಅಚ್ಚಾಗಲಿದೆಯಂತೆ. ತನ್ನದಲ್ಲವೆಂದು ಬಾಯಿಬಿಟ್ಟು ಹೇಳಿದ ಮಗುವಿನ ಹೆಸರಿನಲ್ಲೇ ಆ ಸುಳ್ಳು ಊರೂರಿನ ದಳಗಳಿಗೆ ಹೋಗುತ್ತದೆ, ಅಲ್ಲಿನ ಅಕ್ಕಂದಿರು ಅದನ್ನು ಮುಂದಿಟ್ಟುಕೊಂಡು ಇನ್ನೆಷ್ಟೋ ಮಕ್ಕಳ ಕುದುರೆಗಳ ಕಾಲು ಕೀಳುತ್ತಾರೆ. ಸಮಿತಿಯವರು ಇದನ್ನೂ 'ಅಮೂಲ್ಯ ಸಲಹೆ' ಎಂದು ತೆಗೆದಿರಿಸಿದ್ದಾರೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ: ತಾವು ಒಂದೇ ಒಂದು ಶನಿವಾರ ಆ ಪುಟದಿಂದ ಇಳಿದು ಬಂದು, ನಮ್ಮ ಹೆಲ್ಮೆಟ್ಟಿನ ಹುಡುಗನಿಗೂ ಗುಬ್ಬಿಗೂ ನಡುವೆ ಚಾಪೆಯ ಮೇಲೆ ಕುಳಿತು, ಯಾರೂ ಒಣಗಿಸಿಕೊಡದೆ ಮೊದಲಿನಿಂದ ಒಂದು ದೋಣಿ ಮಾಡಿ ತೋರಿಸಬೇಕು. ನಡುವೆ ಸೈರನ್ ಕೂಗಿದರೆ ಕೈಯಲ್ಲಿ ಅಂಟಿದ್ದರೂ ಪರವಾಗಿಲ್ಲ, ಕಿಟಕಿಗೆ ಓಡಬಹುದು. ದೋಣಿ ತೇಲಿದರೆ ನಾನು ಬಹಿರಂಗವಾಗಿ ಕ್ಷಮೆ ಕೇಳುತ್ತೇನೆ. ಮುಳುಗಿದರೆ, ಮುಳುಗಿದ ದೋಣಿಯೊಂದಿಗೆ ಒಂದು ಫೋಟೋ ತೆಗೆಸಿಕೊಂಡು ಅದನ್ನೇ ಹೊಸ ಆವೃತ್ತಿಗೆ ಕೊಡಬೇಕು, ಐವತ್ತೊಂದನೇ ಪುಟವನ್ನು ಖಾಲಿ ಬಿಡಿಸಬೇಕು. ಮಕ್ಕಳು ಅಲ್ಲಿ ಏನನ್ನಾದರೂ ಅಂಟಿಸಿಕೊಳ್ಳುತ್ತಾರೆ.

ಔಟಾದ ಮೇಲೂ ಆಟದ ನಿಯಮಕ್ಕೆ ಬದ್ಧಳಾಗಿರುವ,
ತಮ್ಮ ವಿಶ್ವಾಸಿ,
ಪುಟಾಣಿ ದಳದ ಅಕ್ಕ

ಮರೆತ ಮಾತು: ಹೊಸ ಆವೃತ್ತಿ ಆಗಲೇ ಅಚ್ಚಿಗೆ ಹೋಗಿದ್ದರೆ, ದಯವಿಟ್ಟು ಕುದುರೆಯ ಕೆಳಗಿನ ಮಗುವಿನ ಹೆಸರನ್ನು ಹೊಡೆದುಹಾಕಿಸಿ, ವಯಸ್ಸನ್ನು ಆರರ ಬದಲು ನಲವತ್ತೇಳು ಎಂದು ತಿದ್ದಿಸಿ, ಅದು ನನ್ನ ವಯಸ್ಸು. ಹಾಗೆಯೇ ತಮ್ಮ ದೋಣಿಯ ಕೆಳಗೆ 'ವಯಸ್ಸು ಏಳು' ಎಂದಿದೆಯಲ್ಲ, ನಿಜವಾಗಿ ಅಲ್ಲಿ ಯಾರ ವಯಸ್ಸು ಬರಬೇಕಿತ್ತು ಎಂಬುದನ್ನು ಬಿಡುವಾದಾಗ ತಿಳಿಸಿ. ಯಾರಿಗೂ ಹೇಳುವುದಿಲ್ಲ, ಇದು ಬರೀ ಬಹಿರಂಗ ಪತ್ರ.