ಒಂದೂವರೆ ಕಿವಿಯ ಟ್ಯೂನಿಂಗ್

ಇಂದು ಬೆಳಿಗ್ಗೆ ಮಾಡಿದ ಕೆಲಸಗಳನ್ನು ಮೊದಲು ಹೇಳಿಬಿಡುತ್ತೇನೆ. ಐದೂವರೆಗೆ ಎದ್ದು ನಲ್ಲಿ ನೀರು ಹಿಡಿದೆ. ಮೇಲಿನ ಟ್ಯಾಂಕಿಗೆ ಮೋಟಾರು ಹಾಕಿ, ಮರೆಯದೆ ಆರಿಸಿದೆ. ಹಾಲು ಕಾಯಿಸಿದೆ, ಉಕ್ಕಲಿಲ್ಲ. ಕರಿಬೇವಿನ ಕುಂಡಕ್ಕೆ ಹುಳಿ ಮಜ್ಜಿಗೆ ಹಾಕಿದೆ. ಇಸ್ತ್ರಿಗೆ ಕೊಡುವ ನಾಲ್ಕು ಅಂಗಿ ಕಟ್ಟಿಟ್ಟೆ. ಎಂಟು ಗಂಟೆಗೆ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ, ಒಂದು ರಬ್ಬರ್ ಕೊಳವೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಸುಳ್ಳು ಹೇಳಿದೆ. ಮೊದಲ ಐದು ಕೆಲಸ ದಿನವೂ ಮಾಡುವಂಥವು. ಆರನೆಯದೇ ಇವತ್ತಿನ ಕತೆ.

ನಾನು ಹುಟ್ಟಾ ಅಂಜುಬುರುಕ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಓಣಿಯ ತುದಿಯಿಂದ ಮರಳಿ ಬರುವ ಜಾತಿ. ಅಂಥವನ ಪಾಲಿಗೆ ಇಂಗ್ಲೆಂಡಿನ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಬಂದಿದೆ. ಅದರಲ್ಲಿ ಕೂತರೆ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಂತೆ. ಪಕ್ಕದಲ್ಲಿ ಲಾರಿ ಬಂದರೆ ಅದರ ಗಾಲಿಯ ನಟ್ಟುಗಳನ್ನು ಎಣಿಸಬಹುದು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ನನ್ನ ಮಾವನವರು ಹರೆಯದಲ್ಲಿ ಮದ್ರಾಸಿನಿಂದ ಕೊಂಡು ತಂದ ಕಾರು ಇದು. ತೀರಿಹೋಗುವ ಮುಂಚೆ ನನ್ನ ಹೆಂಡತಿ ಗಿರಿಜಾಳನ್ನು ಕರೆದು, "ಇದು ನಿನಗವ್ವಾ. ಬಸ್ಯಾನ ಕೈಗೆ ಕೊಟ್ರ ನಿಲ್ಲಿಸಿಬಿಡ್ತಾನ, ನೀವು ಓಡಸ್ರಿ" ಎಂದಿದ್ದರು.

ಬಸ್ಯಾ ಎಂದರೆ ಅವಳ ತಮ್ಮ ಬಸವರಾಜ, ಈಗ ಗಿರಣಿಯ ಯಜಮಾನ. ಹೋದ ವಾರ ಅವನ ಫೋನ್ ಬಂತು. "ಮಾವಾ, ಅಪ್ಪನ ಕಾರು ಬಳ್ಳಾರಿ ಗಾಂಧಿನಗರದ ನಿಮ್ಮ ಶೆಡ್ಡಿನಾಗ ಧೂಳು ತಿನ್ನಾಕ ಹತ್ತೈತಿ. ಬರೋ ಐತಾರ ಊಟದ ಹೊತ್ತಿಗೆ ತನ್ನ ಇಂಜಿನ್ ಮ್ಯಾಲ ತಾನ ಸಿರುಗುಪ್ಪಕ್ಕ ಬಂದ್ರ ನಿಮ್ದು. ಬರ್ಲಿಲ್ಲಂದ್ರ ಮರುದಿನ ಟ್ರ್ಯಾಕ್ಟರ್ ಕಳಸ್ತೀನಿ. ಗೇಟಿನ ಮುಂದ ಕಟ್ಟಿ ಕಟ್ಟಿಸಿ, ಸುತ್ತ ಲೈಟ್ ಹಾಕಿ ನಿಲ್ಲಸ್ತೀನಿ." ಸಂಜೆ ನೋಡಿದರೆ ಗಿರಿಜಾ ಶೆಡ್ಡಿನಲ್ಲಿ ಒಬ್ಬಳೇ ಕೂತು ಸೆರಗಿನ ತುದಿಯಿಂದ ಸ್ಟೇರಿಂಗ್ ಒರೆಸುತ್ತಿದ್ದಳು. ಅದನ್ನು ಕಂಡ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಹೀಗಾಗಿ ಇಂದು ಭಾನುವಾರ ಬೆಳಿಗ್ಗೆಯೇ ಕೌಲ್ ಬಜಾರಿನ ಮೆಕ್ಯಾನಿಕ್ ಮಾಬುಸಾಬರನ್ನು ಮನೆಗೇ ಕರೆಸಿದೆ. ಈ ಊರಲ್ಲಿ ಇಂಥ ಇಂಜಿನ್ನನ್ನು ಮುಟ್ಟುವವರು ಅವರೊಬ್ಬರೇ. ಪ್ಲಗ್ ತೊಳೆದರು, ಕಿಡಿ ಹೊಡೆಯುವ ಪಾಯಿಂಟಿನ ಸಂದು ಅಳೆದರು, ಎಣ್ಣೆ ನೋಡಿದರು. ಉಳಿದದ್ದು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರು. ಇದಕ್ಕೆ ಮುಂದೊಂದು ಹಿಂದೊಂದು ಎರಡಿವೆ, ಮೂಗಿನ ಎರಡು ಹೊಳ್ಳೆಗಳ ಹಾಗೆ. ಎರಡೂ ಸಮನಾಗಿ ಉಸಿರೆಳೆಯಬೇಕು. ಒಂದು ಹೆಚ್ಚು ಎಳೆದರೆ ಇಂಜಿನ್ ಕೆಮ್ಮಿ ಸಾಯುತ್ತದೆ. ಕೊಳವೆಯ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ, ಇನ್ನೊಂದನ್ನು ಕಿವಿಗೆ ಇಟ್ಟು ಆ ಉಸಿರನ್ನು ಅಳೆಯುವುದು ಅವರ ಪದ್ಧತಿ.

"ಇದನ್ನ ನೀವ ಕೇಳಬೇಕ್ರಿ ಸಾರ್," ಎಂದರು. "ನಲವತ್ತು ವರ್ಷ ಇಂಜಿನ್ ಮುಂದ ಕುಂತೀನಿ, ನನ್ನ ಎರಡೂ ಕಿವಿ ಹೋಗ್ಯಾವ. ನಿಮ್ಮವು ಛಲೋ ಅದಾವಲ್ರಿ?"

"ಛಲೋ ಅದಾವ," ಎಂದು ಕೂಗಿ ಹೇಳಿದೆ.

ಸುಳ್ಳು ಅದೇ. ಒಂದು ವರ್ಷದಿಂದ ನನ್ನ ಎಡಗಿವಿ ಅರ್ಧಕ್ಕರ್ಧ ಮಂದ. ಯಾರಿಗೂ ಹೇಳಿಲ್ಲ. ಮಾವನವರಿಗೆ ಕಿವಿ ಹೋದಾಗ ನೋಡಿದ್ದೆ: ಮನೆಯವರು ಅವರಿಗೆ "ಊಟಕ್ಕ ಏಳ್ರಿ", "ಗುಳಿಗಿ ನುಂಗ್ರಿ" ಎಂದಷ್ಟೇ ಕೂಗುತ್ತಿದ್ದರು. ಪಕ್ಕದ ಮನೆಯ ಜಗಳ, ತರಕಾರಿಯವಳ ಚೇಷ್ಟೆ, ಇಂಥ ಪುಡಿ ಮಾತನ್ನು ಯಾರೂ ಕೂಗಿ ಹೇಳುವುದಿಲ್ಲ. ಆ ಪುಡಿ ಮಾತಿಲ್ಲದೆ ಬದುಕುವುದು ಹೇಗೆಂದು ನನಗೆ ದಿಗಿಲು. ಅದಕ್ಕೇ ಯಾರು ಏನೆಂದರೂ ತಲೆಯಾಡಿಸುತ್ತ ಬಂದಿದ್ದೆ.

ಕೊಳವೆಯಲ್ಲಿ ಉಸ್ಸೆನ್ನುವ ಸದ್ದು. ಹಿಂದಿನದು ಸಣ್ಣಗಿದೆ ಎಂದೆ. ಮಾಬುಸಾಬರು ಅದರ ಸ್ಕ್ರೂ ತಿರುವಿದರು. ಇನ್ನಷ್ಟು ಎಂದೆ, ಇನ್ನಷ್ಟು ತಿರುವಿದರು. ಸಮ ಎಂದೆ. ಅವರು ಬಾನೆಟ್ ಮುಚ್ಚಿ ಅದರ ಮೇಲೆ ಅಂಗೈ ಇಟ್ಟು, "ಕೈಗ್ಯಾಕೋ ಸಮ ಅನಸವಲ್ದು. ಇರ್ಲಿ, ಕಿವಿ ಕೆಲಸ ಕಿವೀಗೆ ಗೊತ್ತು" ಎಂದು, ಕೊಳವೆ ಮತ್ತು ಸ್ಕ್ರೂಡ್ರೈವರನ್ನು ಕಾರಿನಲ್ಲೇ ಇಟ್ಟು ಹೋದರು.

ಹೆದ್ದಾರಿಯ ಲಾರಿಗಳಿಗೆ ಅಂಜಿ ಕೊಳಗಲ್ಲು, ಕುರುಗೋಡಿನ ಮೇಲೆ ಹೊರಟೆವು. ಇಂಜಿನ್ ಒಮ್ಮೆ ಕೆಮ್ಮಿತು, ನಾನು ಎರಡು ಸಲ ಕೆಮ್ಮಿದೆ. ಎಡಕ್ಕೆ ಕೂತ ಗಿರಿಜಾ ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ. ಕುರುಗೋಡು ದಾಟಿ ಭತ್ತದ ಗದ್ದೆಗಳ ನಡುವೆ ಬಂದೂಕು ಸಿಡಿದಂತೆ ಒಂದು ಸದ್ದಾಗಿ ಕಾರು ನಿಂತಿತು. ಹನ್ನೊಂದೂವರೆ ಗಂಟೆ. ಮಾಬುಸಾಬರಿಗೆ ಫೋನ್ ಮಾಡಿದರೆ ಮೂರು ಸಲ "ಯಾರ್ರಿ, ಜೋರ ಹೇಳ್ರಿ" ಎಂದು ಇಟ್ಟುಬಿಟ್ಟರು. ನನ್ನ ಕಣ್ಣ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು.

"ಆ ಕೊಳವಿ ಇಲ್ಲಿ ಕೊಡ್ರಿ," ಎಂದಳು ಗಿರಿಜಾ. ಪೆಟ್ರೋಲು ಹೆಚ್ಚಿಸುವ ಚೋಕ್ ಎಳೆದಿಟ್ಟು ಇಂಜಿನ್ನಿಗೆ ಹೇಗೋ ಜೀವ ತುಂಬಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಬಾಗಿದಳು; ಇಂಜಿನ್ನಿನ ಮುಂದೆ ಗಿರಗಿರ ತಿರುಗುವ ಫ್ಯಾನಿಗೂ ಸೆರಗಿಗೂ ಇದ್ದ ಗೇಣು ಜಾಗವನ್ನೇ ನೋಡುತ್ತ ನಾನು ಬೆವತೆ.

"ಹಿಂದಿಂದು ಗೂಳಿ ಎಳದಂಗ ಎಳ್ಯಾಕ ಹತ್ತೈತಿ. ಇದನ್ನ ಸಮ ಅಂತ ಹೆಂಗಂದ್ರಿ?"

ಆಗ ಹೊಳೆಯಿತು. ಮುಂದಿನದನ್ನು ಬಲಗಿವಿಯಿಂದ ಕೇಳಿದ್ದೆ. ಹಿಂದಿನದಕ್ಕೆ ಬಾಗುವಾಗ ಫ್ಯಾನಿಗೆ ಹೆದರಿ ಆಚೆ ತಿರುಗಿ ನಿಂತು ಎಡಗಿವಿ ಕೊಟ್ಟಿದ್ದೆ. ಒಳ್ಳೆಯ ಇಂಜಿನ್ನನ್ನು ನನ್ನ ಒಂದೂವರೆ ಕಿವಿಗೆ ಹೊಂದಿಸಿ ಕೆಡಿಸಿದ್ದೆ. ಬೇರೆ ದಾರಿಯಿರಲಿಲ್ಲ, ಹೇಳಿಬಿಟ್ಟೆ.

"ಗೊತ್ತೈತಿ ಬಿಡ್ರಿ," ಎಂದಳು ತಲೆಯೆತ್ತದೆ. "ದೀಪಾವಳಿಗೇ ಗೊತ್ತಾತು. ನೀವಾಗೇ ಹೇಳ್ತೀರಿ ಅಂತ ಕಾದೆ. ಸ್ಕ್ರೂ ತಿರುವ್ರಿ."

"ಹಂಗಾರ ಎಡಕ್ಕ ಕುಂತು ಅಷ್ಟೊತ್ತು ಏನ್ ಹೇಳಿದಿ?"

"ನಿಮಗಲ್ಲ, ಆ ಕಿವಿಗೆ ಹೇಳೀನಿ. ಯಾರ ಮುಂದೂ ಆಡಬಾರದ್ದೆಲ್ಲ ದಿನಾ ಅದರ ಮುಂದ ಆಡ್ಕೋತೀನಿ. ಇನ್ನ ಒಂಚೂರು ತಿರುವ್ರಿ. ಸಾಕು."

ಇಂಜಿನ್ನಿನ ಕೆಮ್ಮು ನಿಂತಿತು.

ಸಿರುಗುಪ್ಪ ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷವಿತ್ತು. ಗಿರಣಿಯ ಗೇಟಿನ ಮುಂದೆ ಸಿಮೆಂಟಿನ ಹೊಸ ಕಟ್ಟೆ ಒದ್ದೆ ಗೋಣಿಚೀಲ ಹೊದ್ದು ಮಲಗಿತ್ತು.

"ಬಂದ ಬಿಟ್ರಲ್ಲ ಮಾವಾ," ಎಂದ ಬಸವರಾಜ, ಮುಖ ಸಪ್ಪಗೆ ಮಾಡಿ. "ಈ ಕಟ್ಟಿ ಮ್ಯಾಲ ಇನ್ನೇನ ಇಡ್ಲಿ?"

"ನೀನ ಕುಂದ್ರು," ಎಂದಳು ಅಕ್ಕ.

ಕೈ ತೊಳೆಯುವುದರೊಳಗೆ ಕಿವಿಯ ಕತೆ ಹೊರಬಿತ್ತು. ಬಸವರಾಜ ಬಳ್ಳಾರಿಯ ಕಿವಿ ಡಾಕ್ಟರಿಗೆ ಫೋನ್ ಹಚ್ಚಿ ಬುಧವಾರಕ್ಕೆ ನನ್ನ ಹೆಸರು ಬರೆಸಿಯೂ ಬಿಟ್ಟ. "ಅಷ್ಟು ಅವಸರ ಏನೈತಿ, ಹಬ್ಬ ಮುಗೀಲಿ," ಎಂದಳು ಗಿರಿಜಾ. ಯಾವ ಹಬ್ಬ ಎಂದು ಹೇಳಲಿಲ್ಲ, ಕೇಳುವ ಧೈರ್ಯ ನನಗಾಗಲಿಲ್ಲ.

ಊಟಕ್ಕೆ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಪುಡಿ, ಹೊಸ ಅಕ್ಕಿಯ ಅನ್ನ, ಗಟ್ಟಿ ಮೊಸರು. ಉಂಡ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿದರು. ಗಿರಿಜಾ ನನ್ನ ಎಡಕ್ಕೆ ಮಲಗಿ ಮೆಲ್ಲಗೆ ಏನೇನೋ ಹೇಳತೊಡಗಿದಳು. ಎಲ್ಲಿ ಕೇಳಿಸಿಬಿಡುತ್ತದೋ ಎಂಬ ಹೆದರಿಕೆಗೆ ನಾನು ಬಲಗಿವಿಯನ್ನು ದಿಂಬಿಗೆ ಒತ್ತಿ ಹಿಡಿದು ಬಿದ್ದುಕೊಂಡೆ. ಹೇಳುವುದು ಮುಗಿಯಿತೇನೋ, ಮೊದಲು ನಿದ್ದೆ ಹೋದವಳು ಅವಳೇ.